ಹಳೆಯ ದೊಡ್ಡ ಎಸ್‌ಯುವಿ ಕೊಳ್ಳುವ ಮುನ್ನ ಅದರ ಕೆಳಗೆ ಮಲಗಿ ನೋಡಿ

ಗಾಡಿ ಮಾರುವವರು ಮೊದಲು ಬಾಗಿಲು ತೆಗೆದು ಲೆದರ್ ಸೀಟು ತೋರಿಸುತ್ತಾರೆ. ಆಮೇಲೆ ದೊಡ್ಡ ಸ್ಕ್ರೀನು, ಕಬ್ಬಿಣದ ಬಂಪರು, ಮೇಲಿನ ಲೈಟುಗಳ ಸಾಲು. ಎಲ್ಲಾ ನೋಡಿ ಮುಗಿಯುವ ತನಕ ಸುಮ್ಮನಿರಿ. ಆಮೇಲೆ ಹಳೆಯದೊಂದು ಬೆಡ್‌ಶೀಟು ನೆಲಕ್ಕೆ ಹಾಸಿ, ಟಾರ್ಚು ಹಿಡಿದು, ಗಾಡಿಯ ಕೆಳಗೆ ಹೋಗಿ. ಏಳು ಜನರನ್ನು ಹೊತ್ತು ಕಲ್ಲು, ಕೆಸರು, ಮರಳು ದಾಟಬೇಕಾದ ಗಾಡಿಯ ನಿಜವಾದ ಚರಿತ್ರೆ ಬರೆದಿರುವುದು ಅಲ್ಲಿ.

ವರ್ಷಗಳಿಂದ ನನಗಾಗಿಯೂ ಸ್ನೇಹಿತರಿಗಾಗಿಯೂ ಇಂಥ ಗಾಡಿಗಳನ್ನು ನೋಡುತ್ತಾ ಬಂದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸಿಂಗಾರ ಮಾಡಿದ ಗಾಡಿಯನ್ನು ಬಿಟ್ಟು, ಕಂಪನಿಯಿಂದ ಹೇಗೆ ಬಂತೋ ಹಾಗೇ ಇರುವ, ಸರ್ವಿಸ್ ಬಿಲ್ಲುಗಳ ಕಟ್ಟು ಜೊತೆಗಿರುವ, ಲೋ ರೇಂಜ್ (ನಿಧಾನದ, ಹೆಚ್ಚು ಬಲದ ಗೇರು) ಹಾಕಿದರೆ ತಕ್ಷಣ ಬೀಳುವ ಗಾಡಿಯನ್ನು ತೆಗೆದುಕೊಳ್ಳಿ. ಅದರ ಮೀಟರು ಒಂದಿಷ್ಟು ಹೆಚ್ಚು ಓಡಿದ್ದರೂ ಪರವಾಗಿಲ್ಲ.

ಹುಡುಕುವ ಮೊದಲು, ಏನನ್ನು ಹುಡುಕುತ್ತಿದ್ದೀರಿ ಎನ್ನುವುದು ಸ್ಪಷ್ಟವಾಗಲಿ. ಎತ್ತರವಾಗಿ, ದಪ್ಪವಾಗಿ ಕಾಣುವ ಎಲ್ಲ ಗಾಡಿಗಳೂ ಕಾಡುದಾರಿಯವಲ್ಲ. ಗೇರ್‌ಬಾಕ್ಸಿನ ಹಿಂದೆ, ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಎರಡು ವೇಗದ ಟ್ರಾನ್ಸ್‌ಫರ್ ಕೇಸ್ ಇರಬೇಕು. ಅಂದರೆ 4ಎಲ್ ಎಂದು ಬರೆದ ಲಿವರೋ ನಾಬೋ ಇರಬೇಕು. ಟೊಯೋಟಾ ಲ್ಯಾಂಡ್ ಕ್ರೂಸರ್ 100ರಲ್ಲಿ ಲೋ ರೇಂಜ್ ಅನುಪಾತ ಸುಮಾರು 2.5. ಅಂದರೆ ಎಂಜಿನ್ ಅಷ್ಟೇ ಸುತ್ತು ಸುತ್ತಿದರೂ ಚಕ್ರ ಎರಡೂವರೆ ಪಟ್ಟು ನಿಧಾನ, ಚಕ್ರಕ್ಕೆ ಸಿಗುವ ತಿರುಚುಬಲ ಅಷ್ಟೇ ಪಟ್ಟು ಹೆಚ್ಚು. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಕಾಯಿಸದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಲು ಬೇಕಾಗುವುದು ಇದೇ. ಎರಡೂವರೆ ಟನ್ನಿನ ಗಾಡಿ, ಒಳಗೆ ಮಕ್ಕಳು. ಬರೀ ಬ್ರೇಕ್ ನಂಬಿ ಇಳಿಯುವ ಪರಿಸ್ಥಿತಿ ನನಗಂತೂ ಬೇಡ.

ಎರಡನೆಯದು ಲಾಕ್. ಮಾಮೂಲಿ ಡಿಫರೆನ್ಶಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು, ಚಿಕ್ಕದಾಗಿ ಡಿಫ್) ಹಿಡಿತವಿಲ್ಲದ ಚಕ್ರವನ್ನೇ ಸುಮ್ಮನೆ ತಿರುಗಿಸುತ್ತಾ ಕೂರುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೂಗಾಡಿದರೆ ನೆಲದ ಮೇಲಿರುವ ಇನ್ನೊಂದು ಕೆಲಸ ಮಾಡುವುದಿಲ್ಲ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ನಡುವಿನ ಡಿಫ್ ಲಾಕ್ ಬೇಕೇ ಬೇಕು. ಹಿಂದಿನ ಆಕ್ಸಲ್ಲಿಗೂ ಲಾಕ್ ಇದ್ದರೆ ಬಹಳ ಒಳ್ಳೆಯದು. ಹೊಸ ಗಾಡಿಗಳಲ್ಲಿ ಜಾರುವ ಚಕ್ರವನ್ನು ಬ್ರೇಕ್ ಹಿಡಿದು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹೆಸರು ನೋಡಿ ಮೋಸಹೋಗಬೇಡಿ. ಟೊಯೋಟಾ ಸೆಕೋಯಾ, ಷೆವರ್ಲೆ ಟಾಹೋ, ಫೋರ್ಡ್ ಎಕ್ಸ್‌ಪೆಡಿಷನ್ ಇವೆಲ್ಲ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯಲ್ಲೂ ಮಾರಾಟವಾಗಿವೆ. ಟಾಹೋದಲ್ಲಿ ಫೋರ್ ವೀಲ್ ಡ್ರೈವ್ ಇದ್ದೂ ಲೋ ರೇಂಜ್ ಇಲ್ಲದ ಗಾಡಿಗಳೂ ಸಿಗುತ್ತವೆ. ಹಿಂಬಾಗಿಲಿನ ಬ್ಯಾಡ್ಜ್ ಯಾರು ಬೇಕಾದರೂ ಅಂಟಿಸಬಹುದು. ಮುಂದಿನ ಚಕ್ರಗಳ ಮಧ್ಯೆ ಡಿಫರೆನ್ಶಿಯಲ್ಲಿನ ಗುಂಡು ಇದೆಯೇ, ಅಲ್ಲಿಂದ ಚಕ್ರದವರೆಗೆ ಶಾಫ್ಟ್ ಹೋಗಿದೆಯೇ ಎಂದು ಕಣ್ಣಾರೆ ನೋಡಿ.

ಲ್ಯಾಂಡ್ ಕ್ರೂಸರ್ 80 (1990ರಿಂದ 1997) ಮತ್ತು ನಿಸಾನ್ ಪ್ಯಾಟ್ರೋಲ್ ವೈ60, ವೈ61 ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲಿನವು, ಅಂದರೆ ಎಡ ಬಲ ಚಕ್ರಗಳನ್ನು ಒಂದೇ ದಂಡ ಜೋಡಿಸಿರುತ್ತದೆ. ಕಲ್ಲಿನ ದಾರಿಯಲ್ಲಿ ಅವುಗಳ ಚಕ್ರ ಏರಿಳಿಯುವ ರೀತಿ ನೋಡುವುದೇ ಖುಷಿ. ಆದರೆ ಹೆದ್ದಾರಿಯಲ್ಲಿ ಆರು ಗಂಟೆ ಹಿಂದಿನ ಸೀಟಿನಲ್ಲಿ ಕೂತವರನ್ನು ಕೇಳಿ. 1998ರಲ್ಲಿ ಬಂದ ಲ್ಯಾಂಡ್ ಕ್ರೂಸರ್ 100ರ ಬಹುತೇಕ ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೆ ಬೇರೆಬೇರೆ, ಅಂದರೆ ಸ್ವತಂತ್ರ, ಸಸ್ಪೆನ್ಷನ್ ಕೊಟ್ಟರು. ಅದರ ನಂತರದ 200, ಪ್ಯಾಟ್ರೋಲ್ ವೈ62 ಇನ್ನೂ ಆರಾಮ. ಕುಟುಂಬಕ್ಕಾಗಿ ಎಂದಾದರೆ 100ರಿಂದ ಈಚಿನ ಪೀಳಿಗೆಯನ್ನೇ ನಾನು ಹೇಳುತ್ತೇನೆ. ವರ್ಷಕ್ಕೆ ನಾಲ್ಕು ಸಲ ಕಾಡಿಗೆ ಹೋದರೂ ಉಳಿದ ದಿನವೆಲ್ಲ ಡಾಂಬರು ರಸ್ತೆಯಲ್ಲೇ ಅಲ್ಲವೇ?

ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ

ಇದನ್ನು ಬಹಳ ಜನ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಏಳು ಜನ, ಅಮ್ಮನಿಗೆ ಮೊಣಕಾಲು ನೋವು. ಯಾವ ಗಾಡಿ ನೋಡಲು ಹೋದರೂ ಮೊದಲು ಅಮ್ಮನೇ ಹತ್ತಿ ಇಳಿಯಬೇಕು. ಹಿಡಿಕೆ ಎಲ್ಲಿದೆ, ಮೆಟ್ಟಿಲು ಎಷ್ಟು ಎತ್ತರ ಎನ್ನುವುದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಮೂರನೇ ಸಾಲಿನಲ್ಲಿ ನೀವೇ ಹೋಗಿ ಹತ್ತು ನಿಮಿಷ ಕೂರಿ. ಮೊಣಕಾಲು ಗದ್ದಕ್ಕೆ ತಾಗಿದರೆ ಅದು ಮಕ್ಕಳ ಸೀಟು ಅಷ್ಟೇ ಎಂದು ತಿಳಿಯಿರಿ. ಗಟ್ಟಿ ಆಕ್ಸಲ್ ಮೇಲೆ ಕೆಳಗೆ ಹೋಗಲು ಜಾಗ ಬೇಕಾದ್ದರಿಂದ ಹಿಂದಿನ ನೆಲ ಎತ್ತರದಲ್ಲಿರುತ್ತದೆ. ಈ ಜಾತಿಯ ಗಾಡಿಗಳಲ್ಲಿ ಮೂರನೇ ಸಾಲು ಇಕ್ಕಟ್ಟಾಗಲು ಅದೇ ಕಾರಣ. ಹಿಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಕಾಲಿಡಲು ಒಂದಿಷ್ಟು ಹೆಚ್ಚು ಜಾಗ ಸಿಗುತ್ತದೆ.

ನಿಮ್ಮ ಮಗುವಿನ ಸೀಟನ್ನು ಒಯ್ದು ಕಟ್ಟಿ ನೋಡಿ. ಮಗುವಿನ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಯಾವ ಸಾಲಿನಲ್ಲಿದೆ, ಅದನ್ನು ಕಟ್ಟಿದ ಮೇಲೆ ಮೂರನೇ ಸಾಲಿಗೆ ದಾರಿ ಉಳಿಯುತ್ತದೆಯೇ? ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತದೆಯೇ? ಎಲ್ಲ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇದೆಯೇ? ಹಳೆಯ ಮಾದರಿಗಳಲ್ಲಿ ಮಧ್ಯದ ಸೀಟಿಗೆ ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಇರಬಹುದು. ಹಿಂದಿನ ಎಸಿ ಕೊನೆಯ ಸಾಲಿಗೆ ತಣ್ಣಗೆ ಬರುತ್ತಿದೆಯೇ ಎಂಬುದನ್ನೂ ಕೈಯಿಟ್ಟು ನೋಡಿ. ಹಿಂದಕ್ಕೆ ಹೋಗುವ ಎಸಿ ಪೈಪುಗಳು ಗಾಡಿಯ ಅಡಿಯಲ್ಲಿ ಹಾದು ತುಕ್ಕು ಹಿಡಿದು ಸೋರುವುದುಂಟು.

ತೂಕದ ಲೆಕ್ಕ ಇನ್ನೂ ಮುಖ್ಯ. ಗಾಡಿ ಹೊರಬಹುದಾದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನಿಮ್ಮ ಪಾಲು. ದೊಡ್ಡ ಫೋರ್ ವೀಲ್ ಡ್ರೈವ್‌ಗಳಲ್ಲಿ ಅದು ಹಲವು ಸಲ 600ರಿಂದ 700 ಕಿಲೋ ಇರುತ್ತದೆ. 600 ಎಂದೇ ಇಟ್ಟುಕೊಳ್ಳಿ. ನಾಲ್ವರು ದೊಡ್ಡವರು 280, ಮೂವರು ಮಕ್ಕಳು 90. ಉಳಿದದ್ದು 230. ಕಬ್ಬಿಣದ ಬಂಪರು ಮತ್ತು ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಹಗ್ಗದ ಯಂತ್ರ) ಸೇರಿ 100 ಕಿಲೋ ದಾಟುವುದು ಸುಲಭ. ಮೇಲಿನ ರ‍್ಯಾಕು ಮತ್ತು ಟೆಂಟು 90 ಎಂದರೂ ನಿಮ್ಮ ಬಟ್ಟೆಬರೆ, ನೀರು, ಸಾಮಾನಿಗೆ ಉಳಿದದ್ದು 40 ಕಿಲೋ. 40 ಲೀಟರ್ ನೀರೇ 40 ಕಿಲೋ. ಸಿಂಗಾರ ಮಾಡಿದ ಗಾಡಿ ಕುಟುಂಬಕ್ಕೆ ಯಾಕೆ ಆಗಿಬರುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಮಿತಿ ಮೀರಿ ಹೊತ್ತ ಗಾಡಿಯ ಹಿಂಭಾಗ ಕುಸಿದಿರುತ್ತದೆ, ಬ್ರೇಕ್ ದೂರ ಹಿಡಿಯುತ್ತದೆ, ಚಾಸಿ ಸೀಳು ಬಿಡುವುದೂ ಉಂಟು. ಒಟ್ಟು ತೂಕದ ಅಂಕಿ ಚಾಲಕನ ಬಾಗಿಲಿನ ಕಂಬದ ಮೇಲಿನ ತಗಡಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ.

ಕೆಳಗೆ ಮಲಗಿದಾಗ

ಟಾರ್ಚು, ಸಣ್ಣ ಸುತ್ತಿಗೆ, ಬಿಳಿ ಟಿಶ್ಯೂ, ಪುಟ್ಟ ಕನ್ನಡಿ ಇವಿಷ್ಟು ಜೊತೆಗಿರಲಿ. ಮೊದಲು ಚಾಸಿ. ಮೇಲ್ಮೈಯಲ್ಲಿ ಕಂದು ಬಣ್ಣದ ತೆಳು ತುಕ್ಕು ಇದ್ದರೆ ಹೆದರಬೇಡಿ; ಉಜ್ಜಿ ಬಣ್ಣ ಹೊಡೆದರೆ ನಿಲ್ಲುತ್ತದೆ. ಪದರ ಪದರವಾಗಿ ಎದ್ದು ಬರುವ ತುಕ್ಕು ಬೇರೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂದವಾಗಿ ಡಬ್ ಎನ್ನುತ್ತದೆ. ಹಿಂದಿನ ಚಕ್ರಗಳ ಮೇಲೆ ಚಾಸಿ ಬಾಗುವ ಜಾಗ, ಅಡ್ಡಪಟ್ಟಿಗಳು ಸೇರುವ ಮೂಲೆ, ಸ್ಪ್ರಿಂಗ್ ಕೂರುವ ಬಟ್ಟಲು, ಇಲ್ಲೆಲ್ಲ ಕೆಸರು ಕೂತು ತೇವ ಹಿಡಿದಿಡುತ್ತದೆ. ಚಾಸಿಯ ರಂಧ್ರಗಳಲ್ಲಿ ಬೆರಳು ಹಾಕಿ ಒಳಗೆ ಸವರಿ. ಸಮುದ್ರದ ಮರಳಿನಲ್ಲಿ ಓಡಿದ ಗಾಡಿ, ಚಳಿಗಾಲದಲ್ಲಿ ಉಪ್ಪು ಹರಡುವ ರಸ್ತೆಯ ಗಾಡಿ, ಇವೆರಡೂ ಹೊರಗೆ ಫಳಫಳ ಎನ್ನುತ್ತಾ ಒಳಗಿನಿಂದ ಕರಗಿರಬಹುದು. ಹತ್ತು ಹದಿನೈದು ವರ್ಷದ ಗಾಡಿಗೆ ಮಾರುವ ಮುಂಚೆ ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಹೊಡೆಸಿದ್ದರೆ, ಅದು ಏನನ್ನು ಮುಚ್ಚುತ್ತಿದೆ ಎಂದು ತಿಳಿಯುವ ತನಕ ನಾನು ಮುಂದುವರಿಯುವುದಿಲ್ಲ.

ಗೀರುಗಳನ್ನು ಓದಲು ಕಲಿಯಿರಿ. ಗಾಡಿಯ ತಳ ಕಾಯುವ ಸ್ಕಿಡ್ ಪ್ಲೇಟಿನ ಮೇಲೆ ಗೀರಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಆದರೆ ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು) ಚಾಸಿಗೆ ಸೇರುವ ಕಡೆ, ಗೇರ್‌ಬಾಕ್ಸ್ ಹೊತ್ತ ಅಡ್ಡಪಟ್ಟಿ, ಪೆಟ್ರೋಲ್ ಟ್ಯಾಂಕಿನ ತಳ, ಇಲ್ಲಿ ಜಜ್ಜಿದ್ದರೆ ಗಾಡಿಯನ್ನು ಒರಟಾಗಿ ಬಳಸಿದ್ದಾರೆ. ಚಾಸಿಯ ಪಕ್ಕದಲ್ಲಿ ಸುಕ್ಕಿದ್ದರೆ, ಕಂಪನಿ ವೆಲ್ಡಿಂಗಿಗೆ ಹೊಂದದ ಹೊಸ ವೆಲ್ಡಿಂಗ್ ಇದ್ದರೆ ಅಲ್ಲಿಗೇ ಮುಗಿಸಿ ಎದ್ದು ಬನ್ನಿ. ಶಾಕ್ ಅಬ್ಸಾರ್ಬರ್ ಕಟ್ಟುವ ಜಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟಿನ ಸುತ್ತ ಕೂದಲೆಳೆಯ ಸೀಳಿದೆಯೇ ಎಂದು ಕನ್ನಡಿ ಹಿಡಿದು ನೋಡಿ.

ಇನ್ನು ಆಯಿಲ್. ಮುಂದಿನ ಡಿಫ್, ಹಿಂದಿನ ಡಿಫ್, ಟ್ರಾನ್ಸ್‌ಫರ್ ಕೇಸ್, ಈ ಮೂರರ ಆಯಿಲ್ಲನ್ನೂ ಬಹಳ ಮಾಲೀಕರು ಬದಲಿಸುವುದೇ ಇಲ್ಲ. ಮಾರುವವರ ಒಪ್ಪಿಗೆ ಪಡೆದು ತುಂಬಿಸುವ ಬೋಲ್ಟ್ ಬಿಚ್ಚಿ, ಬೆರಳಿಗೆ ಒಂದು ಹನಿ ತೆಗೆದು ಟಿಶ್ಯೂ ಮೇಲೆ ಒರೆಸಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಒಳಗೆ ನೀರು ಸೇರಿದೆ. ಆಳದ ನೀರಿನಲ್ಲಿ ಇಳಿದಾಗ ಬಿಸಿ ಆಕ್ಸಲ್ ಥಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಆಕ್ಸಲ್ಲಿಗೆ ಗಾಳಿಯಾಡುವ ಪೈಪು) ಕಟ್ಟಿಕೊಂಡಿದ್ದರೆ ಸೀಲುಗಳ ಮೂಲಕ ನೀರನ್ನೇ ಒಳಗೆಳೆಯುತ್ತದೆ. ಆ ನೀರು ಬೇರಿಂಗುಗಳನ್ನು ತಿನ್ನುತ್ತಾ ಹೋಗುತ್ತದೆ. ಲ್ಯಾಂಡ್ ಕ್ರೂಸರ್ 80, ಪ್ಯಾಟ್ರೋಲ್ ವೈ60, ವೈ61ರಲ್ಲಿ ಮುಂದಿನ ಚಕ್ರದ ಹಿಂದಿರುವ ದುಂಡು ನಕಲ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ನೋಡಿ: ಅದರ ಮೇಲೆ ತೆಳುವಾಗಿ ಗ್ರೀಸ್ ಸವರಿದಂತಿದ್ದರೆ ಸರಿ, ನೀರಾದ ಕಪ್ಪು ಎಣ್ಣೆ ಸುರಿಯುತ್ತಿದ್ದರೆ ಒಳಗಿನ ಸೀಲ್ ಹೋಗಿ ಗೇರ್ ಆಯಿಲ್ ಗ್ರೀಸಿಗೆ ಬೆರೆತಿದೆ.

ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ತಿರುಚಿ, ಅದರ ತುದಿಯ ಯೂನಿವರ್ಸಲ್ ಜಾಯಿಂಟಿನಲ್ಲಿ ಆಟ ಇರಬಾರದು. ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದಿಲ್ಲ ತಾನೇ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆ ಇದೆ. 2319 ಎಂದರೆ 2019ರ 23ನೇ ವಾರ. ನಾಲ್ಕೂ ಒಂದೇ ಬ್ರ್ಯಾಂಡ್, ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಹಿಂದೆ ಮುಂದೆ ಬೇರೆಬೇರೆ ಸುತ್ತಳತೆಯ ಟೈರ್ ಹಾಕಿ ಓಡಿಸಿದ್ದರೆ ನಡುವಿನ ಡಿಫರೆನ್ಶಿಯಲ್ ಬಿಡುವಿಲ್ಲದೆ ತಿರುಗಿ ಸವೆದಿರುತ್ತದೆ.

ನೀರಿನಲ್ಲಿ ಮುಳುಗಿದ ಗಾಡಿಯೋ ಎಂಬ ಅನುಮಾನ ಬಂದರೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಕಂಡರೆ ಉತ್ತರ ಸಿಕ್ಕಿತು. ಸೀಟಿನ ಹಳಿಗಳ ತುಕ್ಕು, ಕಾರ್ಪೆಟ್ ಕೆಳಗಿನ ವಾಸನೆಯೂ ಸುಳ್ಳು ಹೇಳುವುದಿಲ್ಲ.

ಓಡಿಸುವಾಗ

ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿಡಿ. ಹೋದಾಗ ಬಾನೆಟ್ ಮುಟ್ಟಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಲಯಕ್ಕೆ ಓಡಿಸುವ ಬೆಲ್ಟ್) ಯಾವಾಗ ಬದಲಾಯಿತು ಎಂಬುದಕ್ಕೆ ಬಿಲ್ ಕೇಳಿ. ಲ್ಯಾಂಡ್ ಕ್ರೂಸರ್ 100 ಮತ್ತು ಮೊದಲ ಸೆಕೋಯಾದ 4.7 ಲೀಟರ್ ಪೆಟ್ರೋಲ್ ವಿ8ಗೆ ಬೆಲ್ಟೇ ಇರುವುದು, ಸುಮಾರು 90,000 ಮೈಲಿಗೆ, ಅಂದರೆ 1,45,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ.

ರಸ್ತೆಯಲ್ಲಿ ಸ್ವಲ್ಪ ಓಡಿಸಿದ ಮೇಲೆ ಮಣ್ಣಿನ ಖಾಲಿ ಜಾಗಕ್ಕೆ ಹೋಗಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಲೋ ರೇಂಜ್ ಹಾಕಿ. ಡ್ಯಾಶ್‌ಬೋರ್ಡಿನ ದೀಪ ಸ್ಥಿರವಾಗಿ ಉರಿಯಬೇಕು. ಬಹಳ ಹೊತ್ತು ಮಿಟುಕುತ್ತಲೇ ಇದ್ದರೆ ಒಳಗೆ ಗೇರು ಪೂರ್ತಿ ಕೂತಿಲ್ಲ. ಒಂದು ಸಲವೂ ಕಾಡಿಗೆ ಹೋಗಿಲ್ಲ ಎಂದು ಹೆಮ್ಮೆಯಿಂದ ಹೇಳುವ ಗಾಡಿಗಳಲ್ಲೇ ಈ ತೊಂದರೆ ಹೆಚ್ಚು: ವರ್ಷಗಟ್ಟಲೆ ಬಳಸದೆ ಲಿವರೂ ಮೋಟರೂ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಡಿಫ್ ಲಾಕ್ ಹಾಕಿ ನಿಧಾನವಾಗಿ ಪೂರ್ತಿ ಸ್ಟೇರಿಂಗ್ ತಿರುಗಿಸಿ ಸುತ್ತು ಹೊಡೆಯಿರಿ. ಒಳಚಕ್ರ ಮಣ್ಣನ್ನು ಕೆರೆಯುತ್ತಾ ಗಾಡಿ ತಿರುಗಲು ಒಪ್ಪದಂತೆ ಎಳೆದರೆ ಲಾಕ್ ನಿಜವಾಗಿಯೂ ಬಿದ್ದಿದೆ. ಲಾಕ್ ತೆಗೆದ ಮೇಲೆ ಅದೇ ಸುತ್ತಿನಲ್ಲಿ ಟಕ್ ಟಕ್ ಸದ್ದು ಕೇಳಿದರೆ ಮುಂದಿನ ಸಿವಿ ಜಾಯಿಂಟ್ (ಚಕ್ರಕ್ಕೆ ಹೋಗುವ ಶಾಫ್ಟಿನ ಕೀಲು) ಹೋಗಿದೆ. ಈ ಪರೀಕ್ಷೆಯನ್ನು ಒಣ ಡಾಂಬರಿನ ಮೇಲೆ ಎಂದೂ ಮಾಡಬೇಡಿ. ಚಕ್ರಗಳಿಗೆ ಜಾರಲು ಆಸ್ಪದವಿಲ್ಲದೆ ತಿರುಚು ಬಲವೆಲ್ಲ ಶಾಫ್ಟುಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಗಟ್ಟಿ ಆಕ್ಸಲ್ಲಿನ ಗಾಡಿಯನ್ನು 60ರಿಂದ 90 ಕಿಲೋಮೀಟರ್ ವೇಗದಲ್ಲಿ ಸಣ್ಣ ಗುಂಡಿಯ ಮೇಲೆ ಹಾಯಿಸಿ. ಸ್ಟೇರಿಂಗ್ ಜೋರಾಗಿ ಅದುರಲು ಶುರುವಾದರೆ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿಯುವ ಪ್ಯಾನಾರ್ಡ್ ರಾಡಿನ ಬುಷ್, ಬೇರಿಂಗ್, ಸ್ಟೇರಿಂಗಿನ ಟೈ ರಾಡ್ ತುದಿ ಎಲ್ಲೋ ಸಡಿಲವಿದೆ. ಅದನ್ನು ಮುಚ್ಚಿಡಲು ಅದುರು ತಗ್ಗಿಸುವ ಹೊಸ ಸ್ಟೇರಿಂಗ್ ಡ್ಯಾಂಪರ್ ಮಾತ್ರ ಹಾಕಿ ಮಾರುವವರಿದ್ದಾರೆ.

ಏರ್ ಅಥವಾ ಹೈಡ್ರಾಲಿಕ್ ಸಸ್ಪೆನ್ಷನ್ ಇದ್ದರೆ ಗಾಡಿಯನ್ನು ಕೆಳಗಿನಿಂದ ಮೇಲಿನ ಮಟ್ಟಕ್ಕೆ ಎತ್ತಿಸಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯ ಒಂದು ಮೂಲೆ ಬೆಳಿಗ್ಗೆ ಕುಸಿದಿದ್ದರೆ ಸೋರುತ್ತಿದೆ. ಲೆಕ್ಸಸ್ ಎಲ್‌ಎಕ್ಸ್ 470ಯ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರಿದಾಗ ದ್ರವದ ಟ್ಯಾಂಕಿನಲ್ಲಿ ಮಟ್ಟ ಎಷ್ಟು ಗೆರೆ ಇಳಿಯುತ್ತದೆ ಎಂದು ಎಣಿಸುವುದು ಅದನ್ನು ಬಲ್ಲವರ ಪದ್ಧತಿ. ಚೆನ್ನಾಗಿರುವ ಗಾಡಿಯಲ್ಲಿ ಸುಮಾರು 14, ಅದರ ಅರ್ಧಕ್ಕೆ ಇಳಿದಿದ್ದರೆ ಸ್ಪ್ರಿಂಗಿನಂತೆ ಕೆಲಸ ಮಾಡುವ, ಅನಿಲ ತುಂಬಿದ ಗೋಳಗಳ ಆಯುಸ್ಸು ಮುಗಿದಿದೆ.

ಕೆಲವು ಎಂಜಿನ್ನುಗಳಿಗೆ ಎಲ್ಲರಿಗೂ ಗೊತ್ತಿರುವ ದೌರ್ಬಲ್ಯಗಳಿವೆ, ನೋಡಲು ಹೋಗುವ ಮೊದಲೇ ಓದಿಕೊಳ್ಳಿ. ನಿಸಾನ್ ಪ್ಯಾಟ್ರೋಲ್ ವೈ61ರ 3.0 ಲೀಟರ್ ಡೀಸೆಲ್‌ನ ಆರಂಭದ ವರ್ಷಗಳಲ್ಲಿ ಪಿಸ್ಟನ್ ಹೋದದ್ದುಂಟು. ಎಕ್ಸ್‌ಪೆಡಿಷನ್ನಿನ 5.4 ಲೀಟರ್ ಮೂರು ವಾಲ್ವಿನ ಎಂಜಿನ್ನಿಗೆ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಭಾಗ) ಸದ್ದು, ಬಿಚ್ಚುವಾಗ ಮುರಿಯುವ ಸ್ಪಾರ್ಕ್ ಪ್ಲಗ್. 2007ರಿಂದೀಚಿನ ಟಾಹೋ 5.3ರಲ್ಲಿ ಸಿಲಿಂಡರುಗಳನ್ನು ಆಫ್ ಮಾಡುವ ವ್ಯವಸ್ಥೆಯಲ್ಲಿ ವಾಲ್ವ್ ಎತ್ತುವ ಲಿಫ್ಟರುಗಳು ಕೆಡುವುದು. 2005ರಿಂದ 2010ರ ನಿಸಾನ್ ಪಾತ್‌ಫೈಂಡರಿನಲ್ಲಿ ರೇಡಿಯೇಟರ್ ಒಳಗೆ ಸೋರಿ ಕೂಲಂಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಸೇರುವುದು. ಆಯಿಲ್ ಗುಲಾಬಿ ನೊರೆಯಂತಾಗಿದ್ದರೆ ಗೇರ್‌ಬಾಕ್ಸ್ ಹೋಯಿತೆಂದೇ ತಿಳಿಯಿರಿ. ಲ್ಯಾಂಡ್ ರೋವರ್ ಡಿಸ್ಕವರಿ 3 ಆರಾಮದಲ್ಲೂ ಕಾಡುದಾರಿಯಲ್ಲೂ ನನಗೆ ತುಂಬಾ ಇಷ್ಟದ ಗಾಡಿ. ಅದರ ಏರ್ ಸಸ್ಪೆನ್ಷನ್ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಮಾತ್ರ ಕೊಳ್ಳಿ.

ಓಬಿಡಿ ರೀಡರ್ (ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ತಪ್ಪುಗಳನ್ನು ಓದುವ ಸಾಧನ) ಚುಚ್ಚಿ ನೋಡುವುದನ್ನು ಮರೆಯಬೇಡಿ. ತಪ್ಪಿನ ಕೋಡ್ ಒಂದೂ ಇಲ್ಲದೆ ಗಾಡಿ ತಾನೇ ಮಾಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳೆಲ್ಲ ಅಪೂರ್ಣ ಎಂದು ತೋರಿಸಿದರೆ, ಈಗಷ್ಟೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಯಾರೋ ಎತ್ತರಿಸಿದ ಗಾಡಿಯೇ ಸಿಕ್ಕರೆ? ಎರಡು ಇಂಚಿನವರೆಗೆ ಒಳ್ಳೆಯ ಕಂಪನಿಯ ಸ್ಪ್ರಿಂಗ್, ಶಾಕ್ ಹಾಕಿದ್ದು ಬಿಲ್ ಸಮೇತ ಇದ್ದರೆ ನನಗೆ ತಕರಾರಿಲ್ಲ. ಅದಕ್ಕಿಂತ ಮೇಲೆ ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟುಗಳು ಬೇಗ ಸವೆಯುತ್ತವೆ. 31 ಇಂಚಿನ ಟೈರ್ ತೆಗೆದು 33 ಹಾಕಿದ್ದರೆ ಮೀಟರು ಸುಮಾರು 6 ಶೇಕಡಾ ಕಡಿಮೆ ತೋರಿಸುತ್ತದೆ. ಆ ಟೈರಿನಲ್ಲಿ ಒಂದು ಲಕ್ಷ ಕಂಡರೆ ಓಡಿದ್ದು ಸುಮಾರು 1,06,500. ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಇದ್ದರೆ ಏರ್ ಬಾಕ್ಸ್ ತನಕ ಜೋಡಣೆ ನೋಡಿ, ಅಲ್ಲಿ ಸಂದಿ ಬಿಟ್ಟಿದ್ದರೆ ಅದು ಬರೀ ಶೋಕಿ. ಹೆಚ್ಚುವರಿ ದೀಪಗಳ ವೈರಿಗೆ ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕಟ್ಟಿದ್ದರೆ ಬೆಂಕಿಯ ಭಯ.

ಚಾಸಿ ನಂಬರ್ ಮೂರು ಕಡೆ, ಅಂದರೆ ಚಾಸಿಯ ಮೇಲೆ, ಡ್ಯಾಶ್‌ಬೋರ್ಡ್ ಅಥವಾ ಬಾಗಿಲ ಕಂಬದಲ್ಲಿ, ಕಾಗದದಲ್ಲಿ ಒಂದೇ ಇರಬೇಕು. ಇದಕ್ಕೆ ರಾಜಿ ಬೇಡ.

ಬೆಲೆ ಮಾತನಾಡುವಾಗ ನಿಮ್ಮ ಬಳಿ ಇರುವುದನ್ನೆಲ್ಲ ಗಾಡಿಗೆ ಹಾಕಬೇಡಿ. ಐದನೇ ಒಂದು ಭಾಗವನ್ನಾದರೂ ಮೊದಲ ವರ್ಷದ ಕೆಲಸಕ್ಕೆ ಎತ್ತಿಡಿ. ಇವುಗಳ ಬಿಡಿಭಾಗ, ಟೈರ್, ಬ್ರೇಕ್ ಎಲ್ಲವೂ ಸಣ್ಣ ಕಾರಿಗಿಂತ ದುಬಾರಿ. ತಂದ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫ್‌ಗಳ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ್ದು ಬೂದುಬಣ್ಣದ ಹಿಟ್ಟಿನಂತಿದ್ದರೆ ಸಹಜ ಸವೆತ. ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಬ್ರೀದರ್ ಪೈಪುಗಳನ್ನು ಶುಚಿಮಾಡಿಸಿ, ಪ್ರೊಪೆಲ್ಲರ್ ಶಾಫ್ಟಿನ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಸಿ. ಗಾಡಿಯ ಅಡಿಯಲ್ಲಿ ತೂಗುವ ಸ್ಟೆಪ್ನಿಯನ್ನು ಒಮ್ಮೆ ಇಳಿಸಿ ನೋಡಿ. ತುಕ್ಕು ಹಿಡಿದ ಸರಪಳಿ ಇಳಿಯದಿದ್ದರೆ ಮನೆಯಂಗಳದಲ್ಲೇ ಗೊತ್ತಾಗಲಿ. ಆಮೇಲೆ ತಿಂಗಳಿಗೊಮ್ಮೆ ಮಣ್ಣಿನ ದಾರಿ ಸಿಕ್ಕಾಗ ಲೋ ರೇಂಜ್ ಮತ್ತು ಲಾಕುಗಳನ್ನೆಲ್ಲ ಹಾಕಿ, ಕೆಲವು ನೂರು ಮೀಟರ್ ನಿಧಾನವಾಗಿ ಓಡಿಸಿ ತೆಗೆಯಿರಿ.